ಸೀಟು ಬದಲಾಯಿಸಿದವನು

ಆಮೆಗೆ ಕಾರು ತಳ್ಳುವುದಕ್ಕೆ ಅಪ್ಪಣೆಯಿತ್ತು. ಓಡಿಸುವುದಕ್ಕೆ ಇರಲಿಲ್ಲ.

ಅದು ಕಾರು ತೊಳೆಯುವ ಅಂಗಳ. ಗಿರಾಕಿಗಳು ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಕೀಲಿ ಕೊಟ್ಟು, ಫೋನು ನೋಡುತ್ತಾ ಕುರ್ಚಿಯಲ್ಲಿ ಕೂರುತ್ತಾರೆ. ಗೇಟಿನಿಂದ ನೀರು ಹೊಡೆಯುವ ಜಾಗಕ್ಕೆ, ಅಲ್ಲಿಂದ ಒರೆಸುವ ಜಾಗಕ್ಕೆ ಗಾಡಿ ಸಾಗಬೇಕು. ಉಳಿದ ಕೆಲಸದವರು ಒಳಗೆ ಕೂತು, ಹಾಡು ಹಾಕಿಕೊಂಡು, ಒಂದೇ ಕೈಯಲ್ಲಿ ತಿರುಗಿಸಿ ತಂದು ನಿಲ್ಲಿಸುತ್ತಾರೆ. ಆಮೆ ಹೊರಗಡೆಯಿಂದಲೇ ಬಗ್ಗಿ ಗೇರು ತಪ್ಪಿಸುತ್ತಾನೆ, ಹ್ಯಾಂಡ್‌ಬ್ರೇಕ್ ಇಳಿಸುತ್ತಾನೆ. ಒಂದು ಕೈ ಕಿಟಕಿಯೊಳಗೆ, ಸ್ಟೀರಿಂಗ್ ಮೇಲೆ. ಭುಜ ಬಾಗಿಲಿನ ಕಂಬಕ್ಕೆ. ಆಮೇಲೆ ತಳ್ಳುತ್ತಾನೆ. ನೆಲವೆಲ್ಲ ಸೋಪಿನ ನೀರು, ಕಾಲು ನಿಲ್ಲುವುದಿಲ್ಲ. ಐವತ್ತು ದಾಟಿದ ಮೈ. ಭುಜದ ಮೇಲೆ ಜಡ್ಡು ಕಟ್ಟಿದೆ. ನೋಡಿದ ಗಿರಾಕಿ ಯಾರಾದರೂ ಬ್ಯಾಟರಿ ಹೋಗಿದೆಯಾ ಎಂದು ಕೇಳಿದರೆ ಹೂಂ ಅನ್ನುತ್ತಾನೆ.

ಅಂಗಳದ ಮಾಲೀಕ ಕೆಟ್ಟವನಲ್ಲ. ಕೆಲಸ ಕೊಟ್ಟ ದಿನವೇ ತಲೆ ಕೆರೆದುಕೊಂಡು ವಿಷಯ ಹೇಳಿದ್ದ. ಅಂಗಳಕ್ಕೆ ವಿಮೆ ಮಾಡಿಸಿದ ಕಂಪನಿಯವರು ಕೆಲಸಗಾರರೆಲ್ಲರ ಲೈಸೆನ್ಸು ತರಿಸಿ ನೋಡಿದ್ದರಂತೆ. ಕುಡಿದು ಗುದ್ದಿದ ಗುರುತು ಇರುವವನು ಡ್ರೈವರ್ ಸೀಟಿನಲ್ಲಿ ಕೂತು ಗಾಡಿಯನ್ನು ಒಂದು ಮಾರು ಸರಿಸಿದರೂ ಇಡೀ ಅಂಗಳದ ವಿಮೆ ರದ್ದು. ಬೇಕಿದ್ದರೆ ತೊಳಿ, ಒರೆಸು, ತಳ್ಳು. ಕೂರಬೇಡ.

ಆಮೆ ಎಂಬ ಹೆಸರಿಟ್ಟವರು ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರುಗಳು. ಹಳದಿ ದೀಪ ಕಂಡರೇ ನಿಲ್ಲುವವನು, ರಸ್ತೆಯಲ್ಲಿ ನಾಯಿಯೂ ಇಲ್ಲದಾಗ ತಿರುವಿನಲ್ಲಿ ಇಂಡಿಕೇಟರ್ ಹಾಕುವವನು ಎಂದು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಇವನ ಗಾಡಿಯಲ್ಲಿ ಮದುವೆಗೆ ಹೊರಟವರು ಮಗು ಹುಟ್ಟುವ ಹೊತ್ತಿಗೆ ಮುಟ್ಟುತ್ತಾರೆ ಅನ್ನುತ್ತಿದ್ದರು. ಅವನೂ ನಗುತ್ತಿದ್ದ. ಅಂಥವನ ಲೈಸೆನ್ಸಿನಲ್ಲಿ ಈಗ ಏನು ದಾಖಲಾಗಿದೆ ಗೊತ್ತೇ? ಕುಡಿತ. ಅತಿವೇಗ. ವ್ಯಕ್ತಿಗೆ ತೀವ್ರ ಗಾಯ. ಇದಕ್ಕೆ ನಗಬೇಕೋ ಅಳಬೇಕೋ ಯಾರಿಗೂ ತಿಳಿಯದು, ಅದಕ್ಕೇ ಸ್ಟ್ಯಾಂಡಿನವರು ಅವನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದರು.

ಡ್ರೈವರುಗಳ ನಡುವೆ ಒಂದು ರೂಢಿಯಿದೆ. ಯಜಮಾನರ ಕೇಸನ್ನು ಡ್ರೈವರು ಮೇಲೆ ಹಾಕಿಕೊಳ್ಳಬೇಕು. ಸಂಬಳ ಮಾತಾಡುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಾಡಿ ಒರೆಸಬೇಕು, ಬಾಗಿಲು ತೆಗೆಯಬೇಕು ಅನ್ನುವುದನ್ನು ಹೇಗೆ ಹೇಳುವುದಿಲ್ಲವೋ ಹಾಗೆ. ಮೇಲೆ ಹಾಕಿಕೊಂಡವನು ಅದನ್ನು ಹೆಂಡತಿಗೂ ಹೇಳಬಾರದು. ಹೇಳಿದ ಎಂದು ಗೊತ್ತಾದರೆ ಊರಿನ ಯಾವ ಮನೆಯಲ್ಲೂ ಅವನಿಗೆ ಕೆಲಸವಿಲ್ಲ. ಆಮೆ ಈ ರೂಢಿಯನ್ನು ಬೇರೆಯವರಿಗೆ ಬುದ್ಧಿ ಹೇಳುವಷ್ಟು ಚೆನ್ನಾಗಿ ಕಲಿತಿದ್ದ.

ಅವನು ದುಡಿಯುತ್ತಿದ್ದದ್ದು ದೊಡ್ಡ ಬಟ್ಟೆ ಅಂಗಡಿಗಳ ಒಡತಿಯೊಬ್ಬರ ಮನೆಯಲ್ಲಿ. ಎಲ್ಲರೂ ಅವರನ್ನು ಅಮ್ಮಾವ್ರು ಅನ್ನುತ್ತಿದ್ದರು. ತನ್ನ ಮಗಳು ಶಾಲೆ ಸೇರಿದ ವರ್ಷ ಆಮೆ ಆ ಮನೆ ಸೇರಿದ, ಮಗಳಿಗೆ ಮಗುವಾಗುವವರೆಗೂ ಅಲ್ಲೇ ಇದ್ದ. ಅಮ್ಮಾವ್ರು ಮಗಳ ಓದಿಗೆ ನೆರವಾಗಿದ್ದರು. ಅದನ್ನು ಅವನು ಮರೆತಿರಲಿಲ್ಲ. ಅವನು ಮರೆಯದ ಹಾಗೆ ಅಮ್ಮಾವ್ರೂ ನೋಡಿಕೊಂಡಿದ್ದರು.

ಆ ದಿನ ಊರಾಚೆ ಯಾರದೋ ಬಂಗಲೆಯಲ್ಲಿ ಕುಡಿದು ಕುಣಿದು ಬೆಳಕು ಹರಿಯುವ ಹೊತ್ತಿಗೆ ಹೊರಟರು. ಖುಷಿಯಾಗಿದ್ದಾಗ ಅಮ್ಮಾವ್ರಿಗೆ ತಾವೇ ಓಡಿಸುವ ಚಪಲ. ನೀನು ಆಮೆ, ಪಕ್ಕಕ್ಕೆ ಕೂತ್ಕೋ, ಗಾಡಿ ಹೇಗೆ ಓಡಿಸೋದು ಅಂತ ತೋರಿಸ್ತೀನಿ ಅಂದರು. ಕೀಲಿಯನ್ನು ಕೈಯಿಂದ ಕಿತ್ತುಕೊಂಡರು. ಆಮೆ ಪಕ್ಕದಲ್ಲಿ ಕೂತ. ಕಾಲಿನ ಹತ್ತಿರ ಅರ್ಧ ಉಳಿದ ಬಾಟಲಿ ಉರುಳಾಡುತ್ತಿತ್ತು. ನಿಧಾನ ಅಮ್ಮಾವ್ರೇ ಎಂದು ಎರಡು ಸಲ ಹೇಳಿದ. ಮೂರನೆಯ ಸಲ ಹೇಳುವ ಮೊದಲೇ ರಸ್ತೆ ಬದಿಯಲ್ಲಿ ಪೊರಕೆ ಹಿಡಿದು ಬಗ್ಗಿದ್ದ ಒಂದು ಹೆಂಗಸಿನ ಬೆನ್ನು ಕಂಡಿತು.

ಅವಳು ಬೀದಿ ಗುಡಿಸುವವಳು. ಆಮೆ ಇಳಿದು ಓಡಿದ. ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡ, ಬಾಯಿಗೆ ನೀರು ಬಿಟ್ಟ. ಅವಳ ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಅವಳು ಕೂಗಲಿಲ್ಲ. ಕಣ್ಣು ಬಿಟ್ಟು ಗಾಡಿಯನ್ನೇ ನೋಡುತ್ತಿದ್ದಳು. ಸ್ಟೀರಿಂಗ್ ಹಿಂದೆ ಅಮ್ಮಾವ್ರು ಫೋನಿನಲ್ಲಿ ಮಾತಾಡುತ್ತಿದ್ದರು.

ಆಂಬುಲೆನ್ಸಿಗಿಂತ ಮೊದಲು ಅಂಗಡಿಯ ಮ್ಯಾನೇಜರು ಬಂದ. ಅಮ್ಮಾವ್ರು ಕೆಳಗಿಳಿದು ನಿಂತರು. ಆಮೆಯ ಕಡೆ ನೋಡಿ, ನೋಡಪ್ಪ ಅಂದರು. ಅತ್ತರು. ಸೀಟು ಬದಲಾಯಿಸು ಎಂದು ಯಾರೂ ಹೇಳಲಿಲ್ಲ. ಬಾಗಿಲು ತೆರೆದೇ ಇತ್ತು. ಆಮೆ ಗುಡಿಸುವವಳ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ತಾನಾಗಿ ಎದ್ದು ಹೋಗಿ, ಡ್ರೈವರ್ ಸೀಟಿನಲ್ಲಿ ಕೂತ.

ಮ್ಯಾನೇಜರು ಕಿಟಕಿಯಿಂದ ಬಾಟಲಿ ಕೊಟ್ಟ. ಗಾಡಿ ತುಂಬ ವಾಸನೆಯಿದೆ, ಯಾರ ಬಾಯಲ್ಲಾದರೂ ಅದು ಇರಬೇಕಲ್ಲ ಅಂದ. ಆಮೆ ಆವರೆಗೆ ಒಂದು ತೊಟ್ಟೂ ಮುಟ್ಟಿದವನಲ್ಲ. ಅವನ ಹೆಂಡತಿಯ ಅಪ್ಪ ಕುಡಿದು ಕುಡಿದು ಮನೆ ಹಾಳು ಮಾಡಿದ್ದ. ಮದುವೆಗೆ ಮುಂಚೆ ಅವಳು ಅವನಿಂದ ಬೇಡಿದ್ದು ಒಂದೇ ಮಾತು. ಆಮೆ ಮೂಗು ಮುಚ್ಚಿಕೊಂಡು ಕುಡಿದ. ವಾಂತಿಯಾಯಿತು. ಅಂಗಿ ಮೇಲೂ ಬಿದ್ದಿದೆ, ಒಳ್ಳೇದೇ ಆಯ್ತು ಅಂದ ಮ್ಯಾನೇಜರು, ಇನ್ನೆರಡು ಗುಟುಕು ಕುಡಿಸಿದ. ಪೊಲೀಸರು ಬಂದಾಗ ಆಮೆ ಹಿಡಿದುಕೊಳ್ಳಲು ಏನೂ ಸಿಗದೆ ಸ್ಟೀರಿಂಗನ್ನೇ ತಬ್ಬಿಕೊಂಡು ಕೂತಿದ್ದ.

ಮುಂದಿನದೆಲ್ಲ ಬೇಗ ಮುಗಿಯಿತು. ವಕೀಲರು ತೋರಿಸಿದ ಕಡೆ ಸಹಿ ಹಾಕಿದ. ಕೋರ್ಟಿನಲ್ಲಿ ಒಪ್ಪಿಕೊಂಡೆ ಅನ್ನು ಅಂದರು, ಅಂದ. ಕೆಲವು ತಿಂಗಳು ಜೈಲು. ಒಂದು ವರ್ಷ ಲೈಸೆನ್ಸಿಲ್ಲ. ಅವನು ಹೊರಗೆ ಬರುವಷ್ಟರಲ್ಲಿ ಹೆಂಡತಿ ಮಗಳ ಮನೆ ಸೇರಿದ್ದಳು. ಬಾಗಿಲಲ್ಲೇ ನಿಂತು, ಅಪ್ಪನ ಕೈಲಿ ಪಟ್ಟದ್ದು ಸಾಕಾಗಿದೆ ಅಂದಳು. ಆಮೆ ಬಾಯಿ ತೆರೆದ, ಮುಚ್ಚಿದ. ರೂಢಿ. ಮಗಳು ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಒಳಗೆ ಹೋದಳು.

ಅಮ್ಮಾವ್ರ ಗೇಟು ಅವನಿಗೆ ತೆರೆಯಲಿಲ್ಲ. ಮ್ಯಾನೇಜರೇ ಹೊರಗೆ ಬಂದು ಸಮಾಧಾನವಾಗಿ ಹೇಳಿದ. ಇವನ ಹೆಸರು ಪಟ್ಟಿಯಲ್ಲಿದ್ದರೆ ವಿಮೆಯವರು ಮನೆಯ ಎಲ್ಲ ಗಾಡಿಗಳಿಗೂ ಹಣ ಏರಿಸುತ್ತಾರಂತೆ. ಲೈಸೆನ್ಸಿನಲ್ಲಿ ಕೆಂಪು ಗುರುತು ಬಿದ್ದ ಡ್ರೈವರನ್ನು ಇಟ್ಟುಕೊಳ್ಳುವ ಹಾಗಿಲ್ಲವಂತೆ. ಅಮ್ಮಾವ್ರಿಗೆ ತುಂಬ ಬೇಜಾರಾಗಿದೆಯಂತೆ. ಯಾರ ಕುಡಿತದ ಗುರುತನ್ನು ಇವನು ಹೊತ್ತಿದ್ದನೋ ಅವರೇ ಆ ಗುರುತು ಕಂಡು ಹೆದರಿ ಬಾಗಿಲು ಹಾಕಿಕೊಂಡರು ನೋಡಿ. ಎಷ್ಟು ಅಚ್ಚುಕಟ್ಟು!

ಆಮೆ ಕೈಲಿದ್ದದ್ದನ್ನೆಲ್ಲ ಸುರಿದು ಒಂದು ಹಳೆಯ ಕಾರು ಕೊಂಡ. ಲೈಸೆನ್ಸು ವಾಪಸ್ಸು ಬಂತಲ್ಲ, ಇನ್ನೇನು, ಬಾಡಿಗೆ ಹೊಡೆದು ಬದುಕೋಣ ಅಂದುಕೊಂಡಿದ್ದ. ಅಲ್ಲೇ ಅವನು ಎಡವಿದ್ದು. ಲೈಸೆನ್ಸು ಕೊಡುವುದು ಸರ್ಕಾರ, ಸರಿ. ಆದರೆ ವಿಮೆಯಿಲ್ಲದೆ ಗಾಡಿ ರಸ್ತೆಗಿಳಿಯುವ ಹಾಗಿಲ್ಲ. ವಿಮೆಯವರು ಲೈಸೆನ್ಸನ್ನು ನೋಡುವುದೇ ಬೇರೆ ಕಣ್ಣಿನಿಂದ. ಹೋದ ಕಡೆಯಲ್ಲೆಲ್ಲ ಒಂದೇ ಕಥೆ. ಕೌಂಟರಿನವರು ನಗುತ್ತಾ ಬನ್ನಿ ಕೂತ್ಕೊಳ್ಳಿ ಅನ್ನುತ್ತಾರೆ, ನಂಬರು ಒತ್ತುತ್ತಾರೆ, ಪರದೆ ನೋಡುತ್ತಾರೆ, ನಗು ಇಳಿಯುತ್ತದೆ. ಕಾರು ಅವನ ಕೋಣೆಯ ಗೋಡೆಗೆ ಒತ್ತಿಕೊಂಡು ಟಾರ್ಪಾಲು ಹೊದ್ದು ನಿಂತಿತು, ಅವನು ಕಾರು ತೊಳೆಯುವ ಅಂಗಳ ಸೇರಿದ.

ರಜೆಯ ದಿನ ಅವನು ಟಾರ್ಪಾಲಿನ ಒಂದು ಮೂಲೆ ಎತ್ತಿ ಒಳಗೆ ನುಸುಳಿ ಕೂರುತ್ತಿದ್ದ. ಕನ್ನಡಿ ಸರಿ ಮಾಡುತ್ತಿದ್ದ. ಬೆಲ್ಟು ಹಾಕಿಕೊಳ್ಳುತ್ತಿದ್ದ. ಮುಂದಿನ ಗಾಜಿನಾಚೆ ನೀಲಿ ಟಾರ್ಪಾಲು ಬಿಟ್ಟರೆ ಬೇರೇನೂ ಕಾಣಿಸದು. ಬ್ರೆಡ್ಡು ತಿನ್ನುವುದೂ ಅಲ್ಲೇ, ಒಬ್ಬನೇ ಮಾತಾಡಿಕೊಳ್ಳುವುದೂ ಅಲ್ಲೇ. ಒಂದು ಸಲ ಫೋನಿನಲ್ಲಿ ಮಗಳಿಗೆ, ಗಾಡಿ ರಸ್ತೆಗಿಳಿದ ಮೇಲೆ ಮಗೂನ ನಾನೇ ಶಾಲೆಗೆ ಬಿಡ್ತೀನಿ ಎಂದು ಹೇಳಿ ನೋಡಿದ. ಮಗಳು, "ಅವಳನ್ನ ನಿನ್ನ ಗಾಡೀಲಿ ಕಳಿಸೋಕೆ ನಂಗೆ ಭಯ ಆಗತ್ತೆ ಅಪ್ಪ," ಅಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ಭಯವಿತ್ತು.

ಕೊನೆಗೆ ಒಂದು ಕಂಪನಿಯ ಕೌಂಟರಿನ ಹುಡುಗಿ ಅವನನ್ನು ಎದ್ದು ಹೋಗಲು ಬಿಡದೆ ಕೂರಿಸಿದಳು. ಅಪಾಯ ವರ್ಗದವರಿಗೆ ಎಂದೇ ಒಂದು ವಿಮೆಯಿದೆ ಅಂದಳು. ಹಣ ಬೇರೆಯವರು ಕಟ್ಟುವುದರ ಮೂರರಷ್ಟು. ಹಣ ಕೊಟ್ಟರೂ ಸಾಲದು, ಕಂಪನಿ ನಡೆಸುವ ತಿದ್ದುಪಡಿ ತರಗತಿಗೆ ಬರಬೇಕು. ಪಾಸಾದರೆ ವಿಮೆ. ಫೇಲಾದರೆ ಆ ಹೆಸರು ಎಲ್ಲ ಕಂಪನಿಗಳಿಗೂ ಹೋಗುತ್ತದೆ, ಮುಂದೆ ಯಾರೂ ವಿಮೆ ಕೊಡುವುದಿಲ್ಲ. ಆಮೆ ಒಪ್ಪಿಕೊಂಡ. ಒಪ್ಪಿಕೊಳ್ಳುವುದು ಅವನಿಗೆ ಹೊಸದಲ್ಲ.

ತರಗತಿ ನಡೆಯುತ್ತಿದ್ದದ್ದು ಕಂಪನಿಯ ಹಿಂಭಾಗದ ಕಿಟಕಿಯಿಲ್ಲದ ಕೋಣೆಯಲ್ಲಿ. ಮುರಿದ ಮೇಜುಗಳನ್ನು ಒಂದು ಮೂಲೆಗೆ ತಳ್ಳಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಳಗೆ ಬರುವಾಗ ಪ್ರತಿಯೊಬ್ಬರೂ ಕೆಂಪು ಕಾರ್ಡು ಕೊರಳಿಗೆ ಹಾಕಿಕೊಳ್ಳಬೇಕು. ಅದರ ಮೇಲೆ ಹೆಸರಿಲ್ಲ, ತಪ್ಪು ಮಾತ್ರ. ಆಮೆಯ ಕಾರ್ಡಿನ ಮೇಲೆ ಕುಡಿತ, ವೇಗ, ಗಾಯ. ಟೀ ಕುಡಿಯಲು ಹೊರಗೆ ಹೋದರೂ ತೆಗೆಯಬಾರದು. ಟೀ ಅಂಗಡಿಯವನು ಲೋಟ ಕೊಡುವ ಮುಂಚೆ ಎದೆಯ ಮೇಲಿನದನ್ನು ಓದುತ್ತಿದ್ದ.

ಪಾಠ ಹೇಳುವವನು ಆಮೆಯ ಅಳಿಯನಿಗಿಂತ ಚಿಕ್ಕವನು, ಟೈ ಕಟ್ಟಿದವನು. ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ನಜ್ಜುಗುಜ್ಜಾದ ಗಾಡಿಗಳ ಚಿತ್ರ ತೋರಿಸುತ್ತಿದ್ದ, ಬ್ರೇಕು ಎಂದರೇನು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದ. ಕೊನೆಯ ದಿನ ಒಬ್ಬೊಬ್ಬರೂ ಎದ್ದು ನಿಂತು ಒಂದು ಮಾತು ಹೇಳಬೇಕು, ಅದೇ ಪರೀಕ್ಷೆ ಅಂದಿದ್ದ. ಮಾತನ್ನು ಅವನೇ ಬರೆದು ಬಾಯಿಪಾಠ ಮಾಡಿಸಿದ್ದ. ತಪ್ಪು ನನ್ನದು, ನನ್ನೊಬ್ಬನದೇ. ನನ್ನಿಂದ ಒಂದು ಜೀವನ ಹಾಳಾಯಿತು. ನಾನು ಅಪಾಯ. ಮೈಯಿಂದ ಬರಬೇಕು, ಗಿಳಿಪಾಠ ಆಗಬಾರದು ಎಂದೂ ಹೇಳಿದ್ದ.

ಆಮೆ ಅದನ್ನು ಗಾಡಿ ತಳ್ಳುವಾಗಲೆಲ್ಲ ಹೇಳಿಕೊಂಡ. ಹೇಳಿ ಹೇಳಿ ಅವನಿಗೆ ಅರ್ಧ ನಂಬಿಕೆಯೂ ಬಂದುಬಿಟ್ಟಿತ್ತು. ಇಷ್ಟು ಜನ ಹೇಳುತ್ತಿದ್ದಾರೆ, ಹೆಂಡತಿಯೂ ಹೇಳುತ್ತಿದ್ದಾಳೆ, ಬಹುಶಃ ನಾನೇ ಗುದ್ದಿರಬೇಕು. ಒಂಟಿಯಾಗಿ ಬಹಳ ದಿನ ಬಿದ್ದಿದ್ದವನು ತನ್ನ ಮಾತಿಗೆ ತಾನೂ ಸಾಕ್ಷಿಯಾಗಿ ಉಳಿಯುವುದಿಲ್ಲ.

ಪಕ್ಕದ ಕುರ್ಚಿಯಲ್ಲಿ ಒಬ್ಬ ಮೀಸೆಯವನು ಕೂರುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಳ್ಳೆಯ ನಡವಳಿಕೆ. ಕೊನೆಯ ದಿನ ಆಮೆ ಅವನ ಕಾರ್ಡು ನೋಡಿ, ನಿಂದೂ ಕುಡಿತಾನಾ ಎಂದು ಮಾತಿಗೆಳೆದ. ಮೀಸೆಯವನು ನಾಲಿಗೆ ಕಚ್ಚಿಕೊಂಡ. ಅಯ್ಯೋ ನಂದಲ್ಲಣ್ಣ, ನಮ್ಮ ಯಜಮಾನರದು ಅಂದ. ಅವರಿಗೆ ಬಿಡುವಿಲ್ಲ, ಅದಕ್ಕೆ ತರಗತಿಗೆ ನನ್ನನ್ನು ಕಳಿಸುತ್ತಾರೆ. ಮೇಷ್ಟ್ರಿಗೂ ಗೊತ್ತು. ಹೇಳುವಾಗ ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ, ಬದಲಿಗೆ ನಂಬಿಕಸ್ತನೆಂಬ ಹೆಮ್ಮೆಯಿತ್ತು. ಆ ಹೆಮ್ಮೆ ಆಮೆಗೆ ಚೆನ್ನಾಗಿ ಪರಿಚಯವಿತ್ತು.

ಆ ಹೊತ್ತಿಗೆ ಮೇಷ್ಟ್ರು ಬಾಗಿಲು ತೆರೆದು ಅತಿಥಿಯನ್ನು ಒಳಗೆ ಕರೆದ. ಮೊದಲು ಊರುಗೋಲು ಬಂತು. ಆಮೇಲೆ ಒಂದು ಕಾಲು, ಅದರ ಹಿಂದೆ ಎಳೆದುಕೊಂಡು ಇನ್ನೊಂದು. ಆಮೆ ತಲೆ ತಗ್ಗಿಸಿದ. ಅವಳು ಗುಡಿಸುವವಳೇ.

ಇಂಥ ತರಗತಿಗಳಿಗೆ ಪೆಟ್ಟು ತಿಂದವರನ್ನು ಕರೆಸುವುದು ಕಂಪನಿಯ ಪದ್ಧತಿಯಂತೆ. ಎದುರಿನ ಕುರ್ಚಿಯಲ್ಲಿ ಕೂತು ನೋವು ಹೇಳಬೇಕು, ಕೇಳಿದವರ ಮನಸ್ಸು ಕರಗಬೇಕು. ಹೋಗಿಬರುವ ಖರ್ಚು, ಮೇಲೆ ಒಂದಿಷ್ಟು ಕೂಲಿ. ಅವಳು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ, ಪೊರಕೆ ಆಡಿಸಿದ ಹಾಗೆ ಒಂದೇ ಸಮನೆ ಹೇಳಿದಳು. ಸೊಂಟದಲ್ಲಿ ಕಬ್ಬಿಣ ಕೂರಿಸಿದ್ದಾರೆ. ಬಗ್ಗಲು ಆಗುವುದಿಲ್ಲ, ಬಗ್ಗದವಳಿಗೆ ಗುಡಿಸುವ ಕೆಲಸ ಯಾರೂ ಕೊಡುವುದಿಲ್ಲ. ಪಾಯಿಖಾನೆಗೆ ಹೋದರೆ ಎಬ್ಬಿಸಲು ತಂಗಿ ಬರಬೇಕು. ತಂಗಿಗೂ ಈಗ ಬೇಜಾರು.

ಪರಿಹಾರ ಕೇಳಿದೆ, ಅಂದಳು. ಇದೇ ಕಂಪನಿಯವರನ್ನೇ ಕೇಳಿದೆ. ಗುದ್ದಿದ ಗಾಡಿಯ ವಿಮೆ ಇವರದೇ. ಡ್ರೈವರು ಕುಡಿದು, ಯಜಮಾನರನ್ನು ಹೇಳದೆ ಕೇಳದೆ, ಕಳ್ಳತನದಲ್ಲಿ ಗಾಡಿ ತಗೊಂಡು ಹೋಗಿದ್ದ, ತಾನೇ ಸಹಿ ಹಾಕಿ ಒಪ್ಪಿಕೊಂಡಿದ್ದಾನೆ, ಹಾಗಾಗಿ ಕಂಪನಿಗೂ ಸಂಬಂಧವಿಲ್ಲ ಗಾಡಿಯ ಯಜಮಾನರಿಗೂ ಸಂಬಂಧವಿಲ್ಲ ಅಂದರು. ಏನಿದ್ದರೂ ಡ್ರೈವರಿಂದ ವಸೂಲಿ ಮಾಡಿಕೊ ಅಂದರು. ತಂಗಿಯ ಹೆಗಲು ಹಿಡಿದು ಅವನ ಮನೆ ಹುಡುಕಿಕೊಂಡು ಹೋದೆ. ಬೀಗ ಹಾಕಿತ್ತು.

ಕಳ್ಳತನದ ಮಾತು ಆಮೆಗೆ ಗೊತ್ತೇ ಇರಲಿಲ್ಲ. ವಕೀಲರು ತೋರಿಸಿದ ಕಡೆ ಸಹಿ ಹಾಕಿದ್ದ, ಓದಿರಲಿಲ್ಲ. ತಾನು ಹೊತ್ತದ್ದು ಅಮ್ಮಾವ್ರ ಜೈಲನ್ನು ಮಾತ್ರ ಅಂದುಕೊಂಡಿದ್ದ. ತನ್ನ ಬೆನ್ನಿನ ಹಿಂದೆ ನಿಂತು ಅಮ್ಮಾವ್ರೂ ಕಂಪನಿಯೂ ಇವಳ ಸೊಂಟದ ಲೆಕ್ಕದಿಂದ ಕೈ ತೊಳೆದುಕೊಂಡಿದ್ದಾರೆಂದು ತಿಳಿದಿರಲಿಲ್ಲ. ತಾನು ಜೈಲಿಗೆ ಹೋಗಿ, ಮನೆ, ಮಗಳು ಎಲ್ಲ ಬಿಟ್ಟುಕೊಟ್ಟು ಉಳಿಸಿದ್ದು ಅವರ ಆ ಹಣವನ್ನೇ.

ಗುಡಿಸುವವಳು ನಿಲ್ಲಿಸಿರಲಿಲ್ಲ. ಆದರೆ ಓಡಿಸ್ತಿದ್ದದ್ದು ಒಬ್ಬ ಹೆಂಗಸು, ನಾನು ನೋಡಿದೀನಿ, ಎಂದು ಶುರು ಮಾಡಿದಳು. ಮೇಷ್ಟ್ರು ನಡುವೆ ಬಾಯಿ ಹಾಕಿದ. ಅದು ಬೇಡಮ್ಮ, ನಿಮ್ಮ ನೋವಿನ ಭಾಗ ಅಷ್ಟೇ ಸಾಕು ಅಂದ. ಅವಳು ಸುಮ್ಮನಾದಳು. ಪೊಲೀಸರು ತಲೆಗೆ ಪೆಟ್ಟಾಗಿದೆ ಎಂದು ನಕ್ಕು ಕಳಿಸಿದ್ದರು, ಆಸ್ಪತ್ರೆಯವರು ಔಷಧಿಯ ಮಂಪರು ಅಂದಿದ್ದರು, ಈಗ ಇವನು. ಬಾಯಿ ಮುಚ್ಚಿಸಿಕೊಂಡು ಅವಳಿಗೂ ರೂಢಿಯಾಗಿತ್ತು.

ಪರೀಕ್ಷೆ ಶುರುವಾಯಿತು. ಮೀಸೆಯವನು ಮೊದಲು ಎದ್ದ. ಅಂಗಿ ಸರಿ ಮಾಡಿಕೊಂಡು, ತಪ್ಪು ನನ್ನದು, ನನ್ನೊಬ್ಬನದೇ ಎಂದು ಎಲ್ಲೂ ತಡವರಿಸದೆ ಹೇಳಿದ. ಕಣ್ಣಲ್ಲಿ ನೀರು ಕೂಡ ತಂದುಕೊಂಡ. ಮೇಷ್ಟ್ರು ತುಂಬ ಚೆನ್ನಾಗಿ ಬಂತು ಎಂದು ಯಜಮಾನನ ಹೆಸರಿನ ಮುಂದೆ ಪಾಸು ಎಂದು ಬರೆದ. ಆಮೇಲೆ ಆಮೆಯ ಕಡೆ ಬೆರಳು ತೋರಿಸಿದ.

ಆಮೆ ಎದ್ದ. ಗುಡಿಸುವವಳು ಆಗ ಮುಖ ಎತ್ತಿ ನೋಡಿದಳು. ಅವಳ ಕೈ ಕೋಲನ್ನು ಬಿಗಿಯಾಗಿ ಹಿಡಿಯಿತು. ಗುರುತು ಸಿಕ್ಕಿತ್ತು.

"ತಪ್ಪು ನನ್ನದು," ಅಂದ ಆಮೆ. ಗುಡಿಸುವವಳ ಕಡೆ ತಿರುಗಿದ.

"ಹೂಂ, ಮುಂದೆ," ಅಂದ ಮೇಷ್ಟ್ರು.

"ನಾನು ಓಡಿಸ್ತಾ ಇರಲಿಲ್ಲ. ನಾನು ಕುಡಿದಿರಲಿಲ್ಲ. ಪಕ್ಕದ ಸೀಟಲ್ಲಿ ಕೂತಿದ್ದೆ. ಗುದ್ದಿದ ಮೇಲೆ ಎದ್ದು ಹೋಗಿ ಡ್ರೈವರ್ ಸೀಟಲ್ಲಿ ಕೂತೆ. ಅದು ನನ್ನ ತಪ್ಪು. ನೀವು ಬರೆದುಕೊಟ್ಟ ಉಳಿದ ಮಾತು ನಾನು ಹೇಳಲ್ಲ."

ಮೇಷ್ಟ್ರು ನಿಟ್ಟುಸಿರು ಬಿಟ್ಟ. ಇದನ್ನು ನಿರಾಕರಣೆ ಅಂತಾರೆ ಎಂದು ಉಳಿದವರ ಕಡೆ ತಿರುಗಿ ಪಾಠ ಹೇಳಿದ. ತುಂಬ ಜನ ಹೀಗೇ ಮಾಡುತ್ತಾರೆ, ತಪ್ಪನ್ನು ಬೇರೆಯವರ ಮೇಲೆ ಹಾಕುತ್ತಾರೆ. ಆಮೇಲೆ ಆಮೆಯ ಹತ್ತಿರ ಬಂದು ದನಿ ತಗ್ಗಿಸಿ, ವಯಸ್ಸಾದವರು ನೀವು, ಸುಮ್ಮನೆ ಹೇಳಿ ಮುಗಿಸಿ, ಸಂಜೆಯೊಳಗೆ ವಿಮೆ ಕೈಗೆ ಬರುತ್ತೆ, ನಾಳೆಯಿಂದ ಗಾಡಿ ಓಡಿಸಬಹುದು ಅಂದ. ಇಲ್ಲದಿದ್ದರೆ ಜನ್ಮದಲ್ಲಿ ಓಡಿಸುವ ಹಾಗಿಲ್ಲ.

ಆಮೆಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಕಿಟಕಿ ಇಳಿಸಿ, ಗಾಳಿ ಮುಖಕ್ಕೆ ಬೀಸುತ್ತಾ, ಖಾಲಿ ರಸ್ತೆಯ ತಿರುವಿನಲ್ಲಿ ಇಂಡಿಕೇಟರ್ ಹಾಕುವ ಆಸೆ. ಅದಕ್ಕಿಂತ ದೊಡ್ಡ ಆಸೆ ಅವನಿಗೆ ಜೀವಮಾನದಲ್ಲಿ ಇರಲೇ ಇಲ್ಲ. ಅವನು ಕೊರಳಿನ ಕಾರ್ಡು ತೆಗೆದ. ಎಸೆಯಲಿಲ್ಲ. ಕುರ್ಚಿಯ ಮೇಲೆ ಇಟ್ಟ.

"ಜನ್ಮದಲ್ಲಿ ಬೇಡ," ಅಂದ.

ಮೇಷ್ಟ್ರು ಫೇಲು ಎಂದು ಬರೆದ. ಅದನ್ನು ಬರೆಯಲು ಎಷ್ಟು ಹೊತ್ತು ಬೇಕು. ಆಮೆ ಬಾಗಿಲ ಹತ್ತಿರ ಹೋದಾಗ ಹಿಂದೆ ಕೋಲಿನ ಸದ್ದಾಯಿತು. ಕೂತ್ಕೊಳ್ಳಮ್ಮ, ಇನ್ನೂ ಜನ ಇದಾರೆ, ಈಗ ಹೋದರೆ ಕೂಲಿ ಸಿಗಲ್ಲ ಎಂದು ಮೇಷ್ಟ್ರು ಹೇಳುತ್ತಿದ್ದ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊರಗೆ ಮಟಮಟ ಮಧ್ಯಾಹ್ನ. ರಸ್ತೆ ತುಂಬ ಗಾಡಿಗಳು, ಎಲ್ಲಕ್ಕೂ ವಿಮೆಯಿತ್ತು. ಆಮೆ ನಿಂತ. ಕೈ ಮುಗಿಯಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ಅಕ್ಕಾ ಎಂದು ಶುರು ಮಾಡಿದ. ಅವಳು ಕೋಲಿನ ತುದಿಯಿಂದ ನೆಲ ಕುಟ್ಟಿ ತಡೆದಳು.

"ಅಕ್ಕ ಗಿಕ್ಕ ಬೇಡ. ನೀರು ಕುಡಿಸಿದ್ದು ನೀನೇ, ನಂಗೆ ನೆನಪಿದೆ. ಆಮೇಲೆ ನನ್ನ ತಲೆ ಕೆಳಗಿಟ್ಟು ಹೋಗಿ ಅಲ್ಲಿ ಕೂತೆ. ಅದೂ ನೆನಪಿದೆ. ಯಾರೂ ನಿನ್ನ ಕುತ್ತಿಗೆ ಹಿಡಿದು ಕೂರಿಸಲಿಲ್ಲ."

"ಇಲ್ಲ," ಅಂದ ಆಮೆ.

"ಮತ್ಯಾಕೆ ಕೂತೆ?"

ಅಮ್ಮಾವ್ರು ಮಗಳನ್ನು ಓದಿಸಿದ್ದು ಹೇಳಬಹುದಿತ್ತು. ರೂಢಿಯ ಮಾತು ಹೇಳಬಹುದಿತ್ತು. ಕೋಲಿನ ಮೇಲೆ ಭಾರ ಬಿಟ್ಟು ನಿಂತವಳ ಎದುರು ಅದ್ಯಾವುದೂ ಬಾಯಿಗೆ ಬರಲಿಲ್ಲ. ಬಾಗಿಲು ತೆಗೆದಿತ್ತು, ಕೂತೆ ಅಂದ.

"ಒಳಗೆ ಹೇಳಿದ್ದನ್ನ ಸ್ಟೇಷನ್ನಲ್ಲೂ ಹೇಳ್ತೀಯಾ?" ಎಂದು ಕೇಳಿದಳು.

ಸುಳ್ಳು ಒಪ್ಪಿಕೊಂಡದ್ದಕ್ಕೆ ಮತ್ತೆ ಒಳಗೆ ಹಾಕುತ್ತಾರೆ, ಅಪ್ಪಿತಪ್ಪಿಯೂ ಬಾಯಿ ಬಿಡಬೇಡ ಎಂದು ವಕೀಲರು ಆಗಲೇ ಹೆದರಿಸಿದ್ದರು. ಹೊರಗಡೆಯಾದರೂ ಅವನಿಗೆ ಏನಿತ್ತು, ಒಂದು ನೀಲಿ ಟಾರ್ಪಾಲು. ಹೂಂ, ಹೇಳ್ತೀನಿ ಅಂದ ಆಮೆ.

ಬಸ್ಸಿಗೆ ಕಾಯುವಾಗ ಮಗಳಿಗೆ ಫೋನು ಮಾಡಿದ. ನಾನು ಅವತ್ತು ಕುಡಿದಿರಲಿಲ್ಲ ಕಣೇ, ಓಡಿಸಲೂ ಇಲ್ಲ, ನಿಮ್ಮಮ್ಮನಿಗೆ ಹೇಳು ಅಂದ. ಆ ಕಡೆಯಿಂದ ಮೊಮ್ಮಗಳ ಆಟದ ಸದ್ದು ಕೇಳುತ್ತಿತ್ತು. ಈಗ ಯಾಕಪ್ಪ ಇದೆಲ್ಲ, ಎಲ್ಲ ಮುಗಿದ ಮೇಲೆ, ಅಂದಳು ಮಗಳು. ಮತ್ತೆ ಮಾಡ್ತೀನಿ ಎಂದು ಇಟ್ಟಳು. ಆಮೆ ಫೋನನ್ನು ಸ್ವಲ್ಪ ಹೊತ್ತು ಹಾಗೇ ಕಿವಿಗೆ ಹಿಡಿದುಕೊಂಡಿದ್ದ. ಬಸ್ಸಿನಲ್ಲಿ ಗುಡಿಸುವವಳು ಮುಂದಿನ ಸೀಟಿನಲ್ಲಿ ಕೂತಳು, ಅವನು ಹಿಂದೆ ನಿಂತ.

ಸ್ಟೇಷನ್ನಿನ ಮೇಜಿನ ಹಿಂದೆ ಒಬ್ಬ ಪೇದೆ ಮೊಸರಿನ ಡಬ್ಬಿ ಮುಚ್ಚುತ್ತಿದ್ದ. ಪೂರ್ತಿ ಕೇಳಿದ. ಮುಗಿದ ಕೇಸು ಅಂದ. ಈಗ ಕೆದಕಿದರೆ ಮೊದಲು ಒಳಗೆ ಹೋಗುವವನು ನೀನೇ, ತಲೆ ನೆಟ್ಟಗಿದೆ ತಾನೆ ಅಂದ. ಗೊತ್ತು, ಬರ್ಕೊಳ್ಳಿ ಅಂದ ಆಮೆ. ಪೇದೆ ಗುಡಿಸುವವಳ ಕಡೆ ತಿರುಗಿ, ನೀನು ಯಾರು, ಇವನ ಹೆಂಡತಿಯಾ ಎಂದು ಕೇಳಿದ.

"ಗುದ್ದಿಸಿಕೊಂಡೋಳು," ಅಂದಳು ಅವಳು. ಬೆಂಚಿನ ಒಂದು ತುದಿಗೆ ಹೋಗಿ, ಕೆಟ್ಟ ಕಾಲನ್ನು ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡು ಕೂತಳು. ಆಮೆ ಇನ್ನೊಂದು ತುದಿಯಲ್ಲಿ ಕೂತ. ನಡುವೆ ಇಬ್ಬರು ಕೂರುವಷ್ಟು ಜಾಗವಿತ್ತು. ಅವಳು ಸರಿಯಲಿಲ್ಲ, ಅವನೂ ಸರಿಯಲಿಲ್ಲ.

ಪೇದೆ ಅವರನ್ನು ಕಾಯಿಸಿ ನೋಡಿದ. ಒಳಗೆ ಹೋಗಿ ಬಂದ, ಫೋನಿನಲ್ಲಿ ಮಾತಾಡಿದ, ಟೀ ತರಿಸಿ ಕುಡಿದ. ಇಬ್ಬರೂ ಅಲ್ಲೇ ಇದ್ದರು. ಕೊನೆಗೆ ಬೇಸತ್ತು ಒಂದು ಹಾಳೆ ಎಳೆದುಕೊಂಡ.

"ಸರಿ, ಓಡಿಸ್ತಿದ್ದದ್ದು ಯಾರು?"

ಆಮೆ ಎದ್ದು ಮೇಜಿನ ಮುಂದೆ ನಿಂತ. ಮಗಳು ಶಾಲೆ ಸೇರಿದಾಗಿನಿಂದ ಅಮ್ಮಾವ್ರು ಎನ್ನದೆ ಕರೆದವನಲ್ಲ. ಮನೆಯಲ್ಲಿ, ಸ್ಟ್ಯಾಂಡಿನಲ್ಲಿ, ಜೈಲಿನಲ್ಲಿ, ಟಾರ್ಪಾಲಿನೊಳಗೆ ಒಬ್ಬನೇ ಬಯ್ಯುವಾಗಲೂ ಅಮ್ಮಾವ್ರು ಎಂದೇ ಬಯ್ಯುತ್ತಿದ್ದ. ಈಗ ಅವಳ ಹೆಸರು ಹೇಳಿದ. ಹಿಂದೆ ಮುಂದೆ ಏನೂ ಸೇರಿಸದೆ, ಬರೀ ಹೆಸರು.

ಪೇದೆಯ ಪೆನ್ನು ಹಾಳೆಗೆ ಮುಟ್ಟದೆ ನಿಂತಿತು. ಊರಿಗೆಲ್ಲ ಗೊತ್ತಿರುವ ಹೆಸರು ಅದು, ಅಂಗಡಿಗಳ ಮೇಲೆ ದೀಪದಲ್ಲಿ ಬರೆಸಿದ ಹೆಸರು. ಯಾರು ಅಂದೆ, ಎಂದು ಪೇದೆ ಮತ್ತೆ ಕೇಳಿದ. ಈ ಸಲ ಅವನ ದನಿಯಲ್ಲಿ ಎಚ್ಚರಿಕೆಯಿತ್ತು.

ಆಮೆ ಮತ್ತೆ ಹೇಳಿದ, ರಸ್ತೆಯವರೆಗೂ ಕೇಳುವ ಹಾಗೆ.